ನಡುವೆ ಸವೆದ ಬೆಡ್‌ಶೀಟು, ಎರಡು ಪಕ್ಕದಿಂದ ಒಂದು ಪೈಜಾಮ

ಹಳೇ ಡಬಲ್ ಬೆಡ್‌ಶೀಟೊಂದನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿ. ನಡುಭಾಗದಲ್ಲಿ ಬೆಳಕು ಜರಡಿಯಿಂದ ಸೋರಿದ ಹಾಗೆ ಬರುತ್ತದೆ. ಪಕ್ಕಕ್ಕೆ ಬಂದರೆ ಬಟ್ಟೆ ಇನ್ನೂ ಗಟ್ಟಿ, ಬಣ್ಣ ಕೂಡ ಅಲ್ಲಿ ಜಾಸ್ತಿ. ನಾವು ಮಲಗಿ ಹೊರಳಾಡುವುದೆಲ್ಲ ನಡುವೆ ತಾನೇ, ಹಾಸಿಗೆಯಿಂದ ಕೆಳಗೆ ಇಳಿಬಿದ್ದಿರುವ ಭಾಗಕ್ಕೆ ಒಗೆಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಆದರೂ ನಡುವೆ ಒಂದು ತೂತು ಬಿತ್ತು ಅಂದರೆ ಇಡೀ ಶೀಟು ನೆಲ ಒರೆಸುವುದಕ್ಕೆ ಹೋಗುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್‌ನಲ್ಲಿ ಬಟ್ಟೆಗೂ ರೇಷನ್ ಕೂಪನ್ ಬಂದಿತ್ತು, 1941ರ ಜೂನ್‌ನಿಂದ 1949ರವರೆಗೆ. ಆಗ ಅಲ್ಲಿನ ಮನೆಗಳಲ್ಲಿ ಶೀಟನ್ನು ನಡುವೆ ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಪಕ್ಕಗಳನ್ನು ಒಟ್ಟಿಗೆ ಹೊಲಿದು ನಡುವಿಗೆ ತಂದು, ಸವೆದದ್ದನ್ನು ಅಂಚಿಗೆ ತಳ್ಳಿ ಮತ್ತೆ ಹಾಸುತ್ತಿದ್ದರು. ನಾವು ಆ ಎರಡು ಪಕ್ಕಗಳಿಂದ ಪೈಜಾಮ ಹೊಲಿಯೋಣ. ಎರಡು ಪಕ್ಕ, ಎರಡು ಕಾಲು. ಲೆಕ್ಕ ಸರಿ ಹೋಯಿತಲ್ವಾ?

ಹಳೇ ಬಟ್ಟೆಯಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಅದರಲ್ಲಿ ಅರ್ಧ ಕೆಲಸ ಯಾರೋ ಮುಗಿಸಿಯೇ ಇಟ್ಟಿರುತ್ತಾರೆ. ಕುಗ್ಗುವಷ್ಟು ಕುಗ್ಗಿ ಆಗಿದೆ, ಬಣ್ಣ ಬಿಡುವಷ್ಟು ಬಿಟ್ಟಾಗಿದೆ, ಅಂಚು ಮಡಿಚಿ ಹೊಲಿದಾಗಿದೆ. ಆ ಅಂಚನ್ನು ಕತ್ತರಿಸಿ ಬಿಸಾಕಿ ಮತ್ತೆ ಹೊಸದಾಗಿ ಅಂಚು ಮಡಿಚುತ್ತಾ ಕೂರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎಲ್ಲಿ ಅಂಚು ಇದೆಯೋ ಅದನ್ನೇ ಪೈಜಾಮದ ಪಾದದ ಅಂಚು ಮಾಡಿಕೊಂಡರೆ ಆಯಿತು.

ಮೊದಲು ಬಟ್ಟೆ ಪರೀಕ್ಷೆ

ಬೆಳಕಿಗೆ ಹಿಡಿದು ಸವೆದ ಭಾಗದ ಸುತ್ತ ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲಿ ಗೆರೆ ಹಾಕಿ. ಆಮೇಲೆ ಗಟ್ಟಿ ಅನಿಸಿದ ಕಡೆ ಎರಡೂ ಕೈಯ ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆಯನ್ನು ಜೋರಾಗಿ ಎರಡು ಕಡೆಗೆ ಎಳೆಯಿರಿ. ಸಣ್ಣಗೆ ಪರ್ ಅಂತ ಸದ್ದು ಬಂದರೆ ಅದು ಬಟ್ಟೆಯ ಲೆಕ್ಕದಲ್ಲಿ ಇಲ್ಲ, ಬಿಟ್ಟುಬಿಡಿ. ಪರದೆ ಬಟ್ಟೆಗಂತೂ ಈ ಪರೀಕ್ಷೆ ಮಾಡಲೇಬೇಕು. ನೋಡುವುದಕ್ಕೆ ದಪ್ಪಗಿರುತ್ತದೆ, ಆದರೆ ವರ್ಷಗಟ್ಟಲೆ ಬಿಸಿಲು ಬಿದ್ದ ಮಡಿಕೆಯ ಜಾಗದಲ್ಲಿ ಎಳೆ ಒಣಗಿ ಪುಡಿಯಾಗುವ ಹಾಗಿರುತ್ತದೆ. ಹಿಂದೆ ರಬ್ಬರಿನಂಥ ಪದರ ಬಳಿದ, ಬೆಳಕು ತಡೆಯುವ ಪರದೆಗಳು ಮೈಮೇಲೆ ಹಾಕುವುದಕ್ಕೆ ಲಾಯಕ್ಕಿಲ್ಲ, ಗಾಳಿಯೇ ಆಡುವುದಿಲ್ಲ.

ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬೂದಿಯೂ ಉಂಟು ಮಣಿಯೂ ಉಂಟು ಅಂದರೆ ಎರಡೂ ಸೇರಿದ ನೂಲು. ಕೂದಲು ಸುಟ್ಟ ವಾಸನೆ ಉಣ್ಣೆಯದ್ದು ಅಥವಾ ರೇಷ್ಮೆಯದ್ದು. ಮಲಗುವಾಗ ಹಾಕುವ ಪೈಜಾಮಕ್ಕೆ ನನ್ನ ಓಟು ಹತ್ತಿಗೇ.

ಒಗೆದು ಇಸ್ತ್ರಿ ಮಾಡಿಕೊಂಡು ಕೆಲಸ ಶುರು ಮಾಡಿ. ಹಳೇ ಬಟ್ಟೆಗೆ ಹೊಸ ಬಟ್ಟೆಯ ಜೇಬೋ ಪಟ್ಟಿಯೋ ಸೇರಿಸುವ ಯೋಚನೆ ಇದ್ದರೆ ಆ ಹೊಸದನ್ನೂ ಬಿಸಿನೀರಲ್ಲಿ ಒಗೆದುಬಿಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹೊಸದು ಮಾತ್ರ ಕುಗ್ಗಿ, ಹಳೆಯದು ಅದರ ಸುತ್ತ ಸುಕ್ಕುಗಟ್ಟಿ ನಿಲ್ಲುತ್ತದೆ.

ಹಾಸು ಯಾವ ಕಡೆ?

ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಓಡುವುದು ಹಾಸು, ಅಡ್ಡ ಓಡುವುದು ಹೊಕ್ಕು. ಹಾಸಿನ ಕಡೆ ಎಳೆದರೆ ಬಟ್ಟೆ ಹಿಗ್ಗುವುದು ಬಹಳ ಕಡಿಮೆ, ಹೊಕ್ಕಿನ ಕಡೆ ಒಂಚೂರು ಹಿಗ್ಗುತ್ತದೆ, ಓರೆಯಾಗಿ ಮೂಲೆಯಿಂದ ಮೂಲೆಗೆ ಎಳೆದರೆ ಜಾಸ್ತಿ. ಕಾಲಿನ ಉದ್ದ ಹಾಸಿನ ಕಡೆಗೇ ಬರಬೇಕು. ಸ್ವಲ್ಪ ಓರೆಯಾಗಿ ಕತ್ತರಿಸಿದಿರೋ, ನಾಲ್ಕು ಸಲ ಒಗೆಯುವಷ್ಟರಲ್ಲಿ ಹೊಲಿಗೆ ಮೊಣಕಾಲಿನ ಹತ್ತಿರ ತಿರುಚಿಕೊಂಡು ಮುಂದಕ್ಕೆ ಬಂದು ಕೂರುತ್ತದೆ. ಬೆಡ್‌ಶೀಟಿನಲ್ಲಿ ಒಂದು ಅನುಕೂಲ ಇದೆ, ಸಾಮಾನ್ಯವಾಗಿ ಅದರ ಉದ್ದವೇ ಹಾಸು.

ಗುರುತು ಹಾಕುವುದು

ಬೇಕಾದದ್ದು ಇಷ್ಟು: ನಿಮಗೆ ಸರಿಯಾಗಿ ಆಗುವ ಒಂದು ಪೈಜಾಮ, ಚಾಕು ಅಲ್ಲ ಚಾಕ್, ಅಳತೆ ಟೇಪು, ಗುಂಡುಸೂಜಿ, ಬಟ್ಟೆಗೆಂದೇ ಇಟ್ಟ ಕತ್ತರಿ, 2.5 ಸೆಂ.ಮೀ. ಅಗಲದ ಎಲಾಸ್ಟಿಕ್. ದಾರ ಹೊಸದಿರಲಿ. ಹಳೇ ಡಬ್ಬಿಯಲ್ಲಿ ಸಿಕ್ಕಿದ ಉಂಡೆಯನ್ನು ಬಳಸುವ ಮೊದಲು ಒಂದು ಗೇಣು ಬಿಚ್ಚಿ ಎಳೆದು ನೋಡಿ, ಪಟಕ್ಕನೆ ತುಂಡಾದರೆ ಅದನ್ನು ಆಮೇಲೆ ಕಿತ್ತುಬಿಡುವ ಟಾಕಾ ಹಾಕುವುದಕ್ಕೆ ಇಟ್ಟುಕೊಳ್ಳಿ.

ಶೀಟಿನ ಅಗಲ ಸುಮಾರು 225 ಸೆಂ.ಮೀ. ಇದೆ ಅಂದುಕೊಳ್ಳೋಣ. ಎರಡೂ ಪಕ್ಕದಿಂದ 80 ಸೆಂ.ಮೀ. ಅಗಲದ ಎರಡು ಉದ್ದ ಪಟ್ಟಿ ತೆಗೆದರೆ ನಡುವೆ 65 ಸೆಂ.ಮೀ. ಸವೆದದ್ದು ಉಳಿಯುತ್ತದೆ. ಒಂದೊಂದು ಪಟ್ಟಿ ಒಂದೊಂದು ಕಾಲು. ದಪ್ಪ ಇರುವವರು ಅಗಲ ಇನ್ನೂ ನಾಲ್ಕೈದು ಸೆಂ.ಮೀ. ಹೆಚ್ಚಿಸಿಕೊಳ್ಳಿ, ಸವೆದ ಭಾಗ ತಾಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ.

ಒಂದು ಪಟ್ಟಿಯನ್ನು ಸೀದಾ ಬದಿ, ಅಂದರೆ ಹೊರಗೆ ಕಾಣಬೇಕಾದ ಬದಿ, ಒಳಗೆ ಬರುವಂತೆ ಉದ್ದಕ್ಕೆ ಅರ್ಧ ಮಡಿಚಿ, ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ. ಹಳೇ ಪೈಜಾಮವನ್ನು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಬರುವ ಹಾಗೆ ಮಡಿಚಿ ಇದರ ಮೇಲಿಡಿ. ಪೈಜಾಮದ ಹೊರ ಬದಿ ಬಟ್ಟೆಯ ಮಡಿಕೆಗೆ ಕೂರಬೇಕು, ಪಾದದ ಅಂಚು ಶೀಟಿನ ಹೊಲಿದ ಅಂಚಿಗೆ ಸರಿಯಾಗಿ ಬರಬೇಕು. ಈಗ ಮಡಿಕೆಯ ಬದಿ ಬಿಟ್ಟು ಸುತ್ತ ಚಾಕ್ ಎಳೆಯಿರಿ. ಹೊಲಿಗೆಗೆ ಅಂತ 1.5 ಸೆಂ.ಮೀ. ಬಿಡಿ, ಸೊಂಟದ ಮೇಲೆ 5 ಸೆಂ.ಮೀ. ಬಿಡಿ, ಪಾದದ ಹತ್ತಿರ ಏನೂ ಬಿಡುವುದು ಬೇಡ, ಅಲ್ಲಿ ಅಂಚು ರೆಡಿ ಇದೆಯಲ್ಲ. ಬಹಳ ಜನ ಎಡವುವುದು ಸೊಂಟದಲ್ಲಿ. ಹಳೇ ಪೈಜಾಮದ ಎಲಾಸ್ಟಿಕ್ ಸುಕ್ಕುಗಟ್ಟಿಕೊಂಡಿರುವಾಗಲೇ ಗೆರೆ ಎಳೆದರೆ, ಹೊಲಿದು ಮುಗಿಸಿದ ಪೈಜಾಮ ತೊಡೆ ದಾಟಿ ಮೇಲೆ ಬರುವುದಿಲ್ಲ. ಎಲಾಸ್ಟಿಕ್ಕನ್ನು ಪೂರ್ತಿ ಎಳೆದು, ಗುಂಡುಸೂಜಿ ಚುಚ್ಚಿಟ್ಟು ಆಮೇಲೆ ಗೆರೆ ಎಳೆಯಿರಿ.

ಕತ್ತರಿಸಿ. ಎರಡನೇ ಪಟ್ಟಿಯನ್ನೂ ಇದೇ ಅಳತೆಗೆ ಕತ್ತರಿಸಿ.

ಈಗ ನಾನು ಕೆಟ್ಟ ಕೆಲಸ ಮಾಡಿದ ಜಾಗ. ಪೈಜಾಮದ ಹಿಂಭಾಗ ಮುಂಭಾಗಕ್ಕಿಂತ ಎತ್ತರ ಇರಬೇಕು, ಇಲ್ಲದಿದ್ದರೆ ಕೂತಾಗ ಹಿಂದೆ ಜಾರುತ್ತದೆ. ಅದಕ್ಕೆ ಪ್ರತಿ ಕಾಲಿನ ಮುಂಭಾಗದ ಸೊಂಟವನ್ನು 3 ಸೆಂ.ಮೀ. ಇಳಿಸಿ, ಪಕ್ಕಕ್ಕೆ ಬರುತ್ತಾ ಸೊನ್ನೆ ಮಾಡಬೇಕು. ಎರಡು ಕಾಲು ಸೇರುವ ಬಾಗಿನಲ್ಲೂ ಮುಂದಿನ ಕಡೆ 2 ಸೆಂ.ಮೀ. ಒಳಕ್ಕೆ ಕೊರೆಯಬೇಕು. ನಾನು ಮೊದಲ ಕಾಲು ಬಿಡಿಸಿ ಹಾಸಿ ಎಡಬದಿ ಕೊರೆದೆ. ಎರಡನೆಯದನ್ನೂ ಹಾಗೇ ಹಾಸಿ ಅದರ ಎಡಬದಿಯನ್ನೇ ಕೊರೆದೆ. ಹೊಲಿಯುವುದಕ್ಕೆ ಕೂತಾಗ ನೋಡಿದರೆ ನನ್ನ ಹತ್ತಿರ ಎರಡು ಬಲಗಾಲು! ಅದೂ ಅಚ್ಚು ಹಾಕಿದ ಬಟ್ಟೆ, ಉಲ್ಟಾ ಮಾಡಿದರೆ ಹೂವೆಲ್ಲ ಮಂಕು. ಕೊನೆಗೆ ಒಂದು ಕಾಲು ಮಂಕಾಗೇ ಇರಲಿ ಅಂತ ಹೊಲಿದು ಹಾಕಿಕೊಂಡೆ, ಯಾರಾದರೂ ಕೇಳಿದರೆ ಫ್ಯಾಷನ್ ಅಂತಿದ್ದೆ. ನೀವು ಹೀಗೆ ಮಾಡಿ: ಎರಡೂ ಕಾಲುಗಳನ್ನು ಸೀದಾ ಬದಿಗಳು ಮುಖಾಮುಖಿ ಆಗುವಂತೆ ಒಂದರ ಮೇಲೊಂದು ಹಾಸಿ, ಒಂದೇ ಸಲಕ್ಕೆ ಎರಡು ಪದರವನ್ನೂ ಕೊರೆಯಿರಿ. ಕೊರೆದ ಕಡೆ ಚಾಕಿನಲ್ಲಿ ‘ಮುಂದೆ’ ಅಂತ ಬರೆಯಿರಿ. ನಾಚಿಕೆ ಏನಿಲ್ಲ.

ಹೊಲಿಗೆ

ಸಾಧಾರಣ ಹತ್ತಿ ಬಟ್ಟೆಗೆ 80/12 ಅಂತ ನಮೂದಿಸಿದ ಸೂಜಿ ಸಾಕು, ತುಂಬ ತೆಳು ಬಟ್ಟೆಗೆ 70/10, ಜೀನ್ಸ್‌ಗೆ 100/16. ಹೊಲಿಗೆ ಉದ್ದ 2.5 ಮಿ.ಮೀ. ಇಟ್ಟುಕೊಳ್ಳಿ. ಕತ್ತರಿಸಿ ಉಳಿದ ಚೂರಿನ ಮೇಲೆ ಒಂದು ಗೆರೆ ಹೊಡೆದು ನೋಡಿ. ಕೆಳಗೆ ದಾರ ಗಂಟುಗಂಟಾದರೆ ಮೊದಲು ಮೇಲಿನ ದಾರವನ್ನು ಪೂರ್ತಿ ಬಿಚ್ಚಿ ಮತ್ತೆ ಪೋಣಿಸಿ. ಕೆಳದಾರ ಸುತ್ತಿದ ಬಾಬಿನ್ನಿಗೆ ಬೈಯುವುದು ಆಮೇಲೆ.

ಒಂದೊಂದು ಕಾಲನ್ನು ಸೀದಾ ಬದಿ ಒಳಗೆ ಇಟ್ಟು ಮಡಿಚಿ, ಒಳತೊಡೆಯಿಂದ ಪಾದದವರೆಗೆ ಹೊಲಿಯಿರಿ. ಎರಡು ಕೊಳವೆ ಸಿಕ್ಕವು. ಒಂದನ್ನು ಸೀದಾ ತಿರುಗಿಸಿ ಇನ್ನೊಂದರ ಒಳಗೆ ತೂರಿಸಿ. ಹಾಗೆ ಮಾಡಿದಾಗ ಸೀದಾ ಬದಿಗಳು ಒಂದಕ್ಕೊಂದು ತಾಗುತ್ತವೆ, ‘ಮುಂದೆ’ ಅಂತ ಬರೆದದ್ದು ‘ಮುಂದೆ’ಯ ಮೇಲೇ ಬರುತ್ತದೆ, ಒಳತೊಡೆಯ ಎರಡು ಹೊಲಿಗೆ ಎದುರುಬದುರು ಕೂರುತ್ತವೆ. ಅಲ್ಲೇ ಮೊದಲ ಗುಂಡುಸೂಜಿ ಚುಚ್ಚಿ. ಆಮೇಲೆ ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ಆ ಬಾಗನ್ನು ನಿಲ್ಲಿಸದೆ ಹೊಲಿಯಿರಿ. ಅದರ ಪಕ್ಕದಲ್ಲೇ, ಹೊಲಿಗೆಗೆ ಬಿಟ್ಟ ಮಾರ್ಜಿನ್ ಒಳಗೆ, ಇನ್ನೊಂದು ಸಾಲು. ಪೈಜಾಮ ಹರಿಯುವುದು ಯಾವಾಗಲೂ ಈ ಬಾಗಿನಲ್ಲೇ, ಅದೂ ಬಗ್ಗಿ ಏನೋ ಎತ್ತುವಾಗ. ಕತ್ತರಿಸಿದ ಅಂಚಿಗೆ ಜಿಗ್‌ಜಾಗ್ ಅಥವಾ ಓವರ್‌ಲಾಕ್ ಹೊಡೆಯಿರಿ.

ಸೊಂಟಕ್ಕೆ ಬಂದರೆ, ಮೇಲಿನ ಅಂಚನ್ನು 1 ಸೆಂ.ಮೀ. ಒಳಕ್ಕೆ ಮಡಿಚಿ ಇಸ್ತ್ರಿ, ಮತ್ತೆ 3.5 ಸೆಂ.ಮೀ. ಮಡಿಚಿ ಇಸ್ತ್ರಿ. ಕೆಳ ಅಂಚಿಗೆ ಸುತ್ತ ಹೊಲಿಗೆ ಹಾಕಿ, ಹಿಂದೆ 5 ಸೆಂ.ಮೀ. ಬಾಯಿ ಬಿಡಿ. ಎಲಾಸ್ಟಿಕ್ ನಿಮ್ಮ ಸೊಂಟಕ್ಕಿಂತ 7-8 ಸೆಂ.ಮೀ. ಕಡಿಮೆ ಇರಲಿ. ಒಂದು ತುದಿಗೆ ಪಿನ್ನು ಸಿಕ್ಕಿಸಿ ಒಳಗೆ ನೂಕುತ್ತಾ ಹೋಗಿ, ಇನ್ನೊಂದು ತುದಿಯನ್ನು ಬಟ್ಟೆಗೇ ಚುಚ್ಚಿಡಿ, ಇಲ್ಲದಿದ್ದರೆ ಇನ್ನೇನು ಮುಗೀತು ಅನ್ನುವಾಗ ಅದು ಸುರ್ರಂತ ಒಳಗೆ ಹೋಗಿಬಿಡುತ್ತದೆ. ತುದಿಗಳನ್ನು 2 ಸೆಂ.ಮೀ. ಒಂದರ ಮೇಲೊಂದು ಇಟ್ಟು ಹೊಲಿಯುವ ಮೊದಲು ಒಂದು ಸಲ ಹಾಕಿಕೊಂಡು ನೋಡಿ, ತಿರುಚಿಲ್ಲ ತಾನೇ ಅಂತಲೂ ನೋಡಿ. ಆಮೇಲೆ ಬಾಯಿ ಮುಚ್ಚಿ. ಎಲಾಸ್ಟಿಕ್ ಒಳಗೆ ಸುತ್ತಿಕೊಳ್ಳದ ಹಾಗೆ ಎರಡು ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಒಂದೊಂದು ಗೆರೆ ಹೊಡೆದರೆ ಇನ್ನೂ ಒಳ್ಳೆಯದು.

ಕೈಗೆ ಅಭ್ಯಾಸ ಆದಮೇಲೆ

ದಿಂಬಿನ ಕವರಿನಿಂದ ಮೂರು ವರ್ಷದ ಮಗುವಿಗೆ ಫ್ರಾಕ್ ಮಾಡುವುದು ಒಂದು ಸಂಜೆಯ ಕೆಲಸ. 45 ಸೆಂ.ಮೀ. ಅಗಲದ ಕವರಿನ ಸುತ್ತಳತೆ 90, ಆ ವಯಸ್ಸಿನ ಮಗುವಿನ ಎದೆ ಸುಮಾರು 55, ಮಿಕ್ಕದ್ದೆಲ್ಲ ನೆರಿಗೆಗೆ. ಕವರಿನ ತೆರೆದ ಬಾಯಿಯೇ ಫ್ರಾಕಿನ ಕೆಳ ಅಂಚು. ಮುಚ್ಚಿದ ತುದಿಯನ್ನು ಕತ್ತರಿಸಿ, ಎರಡು ಮೂಲೆಯಲ್ಲಿ 5 ಸೆಂ.ಮೀ. ಒಳಕ್ಕೆ, 12 ಸೆಂ.ಮೀ. ಕೆಳಕ್ಕೆ ಬಾಗಿಸಿ ಕೊರೆದರೆ ತೋಳಿನ ಜಾಗ. ಅದಕ್ಕೆ ಓರೆಯಾಗಿ ಕತ್ತರಿಸಿದ ಪಟ್ಟಿ ಕೊಟ್ಟು ಮುಗಿಸಿ, ಮುಂದೆ ಹಿಂದೆ ಮೇಲಂಚು ಮಡಿಚಿ ತೆಳು ಎಲಾಸ್ಟಿಕ್ ಹಾಕಿ, ಹೆಗಲಿಗೆ ಎರಡು ಪಟ್ಟಿ ಹೊಲಿದುಬಿಡಿ. ಕುತ್ತಿಗೆ ಹತ್ತಿರ ಕಟ್ಟುವ ಲಾಡಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಚಿಕ್ಕ ಮಕ್ಕಳು ಜಾರುಬಂಡೆಯಲ್ಲೋ ತೊಟ್ಟಿಲ ಕಂಬಿಯಲ್ಲೋ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಲಾಡಿ ಬೇಡವೇ ಬೇಡ.

ನನ್ನ ಮೆಚ್ಚಿನದು ತೋಳಿನ ಚಡ್ಡಿ. ತುಂಬುತೋಳಿನ ಹಳೇ ಟೀಶರ್ಟು ಅಥವಾ ತೆಳು ಸ್ವೆಟರ್ ತಗೊಂಡು ಎರಡೂ ತೋಳನ್ನು ಹೆಗಲ ಹೊಲಿಗೆಯ ಹತ್ತಿರ ಕತ್ತರಿಸಿ. ಕೂಸಿನ ಚಡ್ಡಿಯೊಂದನ್ನು ಪಕ್ಕದಲ್ಲಿಟ್ಟು ನೋಡಿ, ತೋಳು ಅಂದರೆ ಕಾಲೇ. ಕಂಕುಳ ಹೊಲಿಗೆಯನ್ನು ಮೇಲಿಂದ 15 ಸೆಂ.ಮೀ.ನಷ್ಟು ಬಿಚ್ಚಿ, ಎರಡು ತೋಳನ್ನು ಆ ಸೀಳಿನಲ್ಲಿ ಸೇರಿಸಿ ಹೊಲಿದು, ಸೊಂಟಕ್ಕೆ ಎಲಾಸ್ಟಿಕ್ ಹಾಕಿದರೆ ಮುಗಿಯಿತು. ಮಣಿಕಟ್ಟಿನ ಪಟ್ಟಿ ಕೂಸಿನ ಹಿಮ್ಮಡಿಯ ಮೇಲೆ ಬಂದು ಬಿಗಿಯಾಗಿ ಕೂರುತ್ತದೆ. ಹಿಗ್ಗುವ ಬಟ್ಟೆ ಆದ್ದರಿಂದ ಮೊನೆ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ, ಸಣ್ಣ ಜಿಗ್‌ಜಾಗ್‌ನಲ್ಲಿ ಹೊಲಿಯಿರಿ. ನೇರ ಹೊಲಿಗೆ ಹಾಕಿದರೆ ಮಗು ಕಾಲು ಅಗಲಿಸಿದ ಕೂಡಲೇ ದಾರ ತುಂಡಾಗುತ್ತದೆ.

ಟೇಬಲ್ ಬಟ್ಟೆಯಲ್ಲಿ ಹೋಗದ ಕಲೆ ಇದ್ದರೆ ಅದರ ಮೇಲೆ ಜೇಬು ಬರುವ ಹಾಗೆ ಗುರುತು ಹಾಕಿ. ಮೂಲೆಯಲ್ಲಿ ಕಸೂತಿ ಇದ್ದರೆ ಆ ಮೂಲೆಯನ್ನು ಅಂಗಿಯ ಎದೆಯ ಮೇಲೆ ತನ್ನಿ. ಜೀನ್ಸ್‌ನಲ್ಲಿ ತೊಡೆ ಸವೆದಿರುತ್ತದೆ, ಮೊಣಕಾಲಿನ ಕೆಳಗಿನದ್ದು ಗಟ್ಟಿ. ಹೊಲಿಗೆ ಮೇಲೆ ಹೊಲಿಗೆ ಬಂದು ದಪ್ಪಗಾದ ಕಡೆ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಚಪ್ಪಟೆ ಮಾಡಿಕೊಂಡರೆ ಸೂಜಿ ಮುರಿಯುವುದಿಲ್ಲ. ಸ್ನಾನದ ಟವೆಲ್ ಕತ್ತರಿಸಿದಿರೋ ಮನೆ ತುಂಬ ಎಳೆ, ಅದನ್ನು ಬಾಲ್ಕನಿಯಲ್ಲಿ ಮಾಡಿ.

ಅಂದಹಾಗೆ ಬೆಡ್‌ಶೀಟಿನ ನಡುವಿನ ಆ 65 ಸೆಂ.ಮೀ. ಇನ್ನೂ ಉಳಿದಿದೆ. ಅದರ ಅಂಚಿನಲ್ಲಿ ಅಷ್ಟಾಗಿ ಸವೆಯದ ಕಡೆ ಎರಡು ಪದರ ಸೇರಿಸಿ ಕತ್ತರಿಸಿದರೆ ಪೈಜಾಮಕ್ಕೆ ಜೇಬಾಗುತ್ತದೆ. ಜೇಬನ್ನು ಕಾಲು ಕೊಳವೆ ಆಗುವ ಮೊದಲು, ಬಟ್ಟೆ ಬಿಡಿಸಿ ಹಾಸಿರುವಾಗಲೇ ಹೊಲಿದುಬಿಡಿ. ಕೊಳವೆ ಆದಮೇಲೆ ನೆನಪಾದರೆ ಕೈಹೊಲಿಗೆಯೇ ಗತಿ, ನನ್ನ ಮೂರು ಪೈಜಾಮದಲ್ಲಿ ಎರಡಕ್ಕೆ ಹಾಗೇ ಆಗಿದೆ.