ಪಗಾರದವರಿಗಿಂತ ಸಿರಿವಂತರ ತೆರಿಗೆ ದರ ಕಡಿಮೆ: ಲೆಕ್ಕ ಹಾಕುವುದು ಹೇಗೆ?

ಮೊದಲು ನಿಮ್ಮ ಫಾರ್ಮ್ 16 (ಪಗಾರ ಕೊಡುವವರು ನೀಡುವ ತೆರಿಗೆ ಪ್ರಮಾಣಪತ್ರ) ತೆಗೆಯಿರಿ. ‘ಬಿ’ ಭಾಗದಲ್ಲಿ ಒಟ್ಟು ಪಗಾರವೂ ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿದ ತೆರಿಗೆಯೂ ಇರುತ್ತವೆ. ತೆರಿಗೆಯನ್ನು ಪಗಾರದಿಂದ ಭಾಗಿಸಿ ನೂರರಿಂದ ಗುಣಿಸಿ. ಹೋಲಿಕೆಗೆ ಬೇಕಾದದ್ದು ಈ ದರ, ಸ್ಲ್ಯಾಬಿನ (ಆದಾಯದ ಹಂತದ) ದರವಲ್ಲ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹಿರಿಯ ಎಂಜಿನಿಯರ್ ಒಬ್ಬರಿಗೆ ವರ್ಷಕ್ಕೆ ₹30 ಲಕ್ಷ ಪಗಾರ ಎಂದುಕೊಳ್ಳೋಣ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಪಗಾರದವರಿಗೆಲ್ಲ ಸಿಗುವ ಕಡಿತ) ಕಳೆದು ಉಳಿಯುವುದು ₹29.25 ಲಕ್ಷ. ₹24 ಲಕ್ಷದವರೆಗಿನ ಸ್ಲ್ಯಾಬುಗಳಿಗೆ ₹3 ಲಕ್ಷ ತೆರಿಗೆ, ಮೇಲಿನ ₹5.25 ಲಕ್ಷಕ್ಕೆ 30%ರಂತೆ ₹1,57,500. 4% ಸೆಸ್ ಸೇರಿದರೆ ₹4,75,800, ಅಂದರೆ 15.86%.

ತೆರಿಗೆಯಿಲ್ಲದ ಮೊದಲ ₹4 ಲಕ್ಷವನ್ನು ಬೇರೆ ಆದಾಯಕ್ಕೆ ಬಳಸಿಕೊಂಡ ಹುಬ್ಬಳ್ಳಿಯ ಹೂಡಿಕೆದಾರರೊಬ್ಬರು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಷೇರು ಮಾರಿ ಅಷ್ಟೇ ₹30 ಲಕ್ಷ ಲಾಭ ಪಡೆದರೆ, ಮೊದಲ ₹1.25 ಲಕ್ಷಕ್ಕೆ ತೆರಿಗೆಯಿಲ್ಲ. ಉಳಿದದ್ದಕ್ಕೆ 12.5% ಮತ್ತು ಸೆಸ್: ₹3,73,750. ದರ 12.46%. ₹30 ಲಕ್ಷ ದಾಟಿದ ಮೇಲೆ ಅಂತರ ಹಿಗ್ಗುತ್ತದೆ. ಸರ್ಚಾರ್ಜ್ (ಹೆಚ್ಚು ಆದಾಯದವರ ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ) ಬಿಟ್ಟರೆ, ಮುಂದಿನ ಪ್ರತಿ ಲಕ್ಷ ಪಗಾರಕ್ಕೆ ₹31,200, ಪ್ರತಿ ಲಕ್ಷ ಷೇರು ಲಾಭಕ್ಕೆ ₹13,000. ₹2 ಕೋಟಿ ಮೀರಿದ ಪಗಾರಕ್ಕೆ ಸರ್ಚಾರ್ಜ್ 25%. ಇಂಥ ಷೇರು ಲಾಭಕ್ಕೆ ಅದು 15% ದಾಟುವಂತಿಲ್ಲ.

ಇಲ್ಲಿ ಹಲವರು ಎಡವುತ್ತಾರೆ: ₹12 ಲಕ್ಷದವರೆಗೆ ತೆರಿಗೆ ಶೂನ್ಯವಾಗಿಸುವ ರಿಯಾಯಿತಿ ಈ ಷೇರು ಲಾಭದ ತೆರಿಗೆಗೆ ಸಿಗುವುದಿಲ್ಲ.

ದೊಡ್ಡ ಅಂತರವಿರುವುದು ಮಾರದೆ ಉಳಿಸಿಕೊಂಡ ಆಸ್ತಿಯಲ್ಲಿ. ಪಗಾರ ಕೈಸೇರುವ ಮೊದಲೇ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತವಾಗುತ್ತದೆ. ಷೇರಿನ ಬೆಲೆ ಏರಿದರೆ ಮಾರುವವರೆಗೆ ತೆರಿಗೆಯಿಲ್ಲ. ₹10 ಕೋಟಿಯ ಷೇರು ವರ್ಷದಲ್ಲಿ ₹11 ಕೋಟಿಯಾಯಿತು, ಒಡೆಯ ₹10 ಲಕ್ಷ ಲಾಭ ಬರುವಷ್ಟನ್ನು ಮಾತ್ರ ಮಾರಿದ ಎನ್ನಿ. ತೆರಿಗೆ ₹1,13,750. ಬೆಳೆದ ₹1 ಕೋಟಿಗೆ ಹೋಲಿಸಿದರೆ 1.14%! ಖರ್ಚಿಗೆ ಹಣ ಬೇಕಾದರೆ ಷೇರು ಒತ್ತೆಯಿಟ್ಟು ಸಾಲ ತೆಗೆಯಬಹುದು. ಸಾಲ ಆದಾಯವಲ್ಲ, ಹಾಗಾಗಿ ಅದಕ್ಕೆ ತೆರಿಗೆಯಿಲ್ಲ. ಆದರೆ ಬೆಲೆ ಕುಸಿದರೆ ಸಾಲ ಕೊಟ್ಟವರು ಹೆಚ್ಚಿನ ಒತ್ತೆ ಕೇಳುತ್ತಾರೆ. ಕೊಡದಿದ್ದರೆ ಷೇರು ಮಾರುತ್ತಾರೆ, ಲಾಭವಿದ್ದರೆ ಆಗ ತೆರಿಗೆಯೂ ಬೀಳುತ್ತದೆ.

ಕಂಪನಿ ಮೊದಲೇ ತೆರಿಗೆ ಕಟ್ಟಿದೆಯಲ್ಲ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಕಂಪನಿಗಳು ಆರಿಸಿಕೊಳ್ಳಬಹುದಾದ 22% ದರದಲ್ಲೂ ಸರ್ಚಾರ್ಜ್, ಸೆಸ್ ಸೇರಿ 25.17% ಆಗುತ್ತದೆ, ಅದನ್ನು ಕೂಡಿಸಿದರೆ ಅಂತರ ಕಿರಿದಾಗುತ್ತದೆ. ಆದರೆ ಒಬ್ಬರ ಸ್ವಂತ ಹೆಸರಿನ ಸೈಟಿನ ಬೆಲೆ ಏರಿದಾಗ ಆ ತೆರಿಗೆಯೂ ಇಲ್ಲ. ಮಕ್ಕಳಿಗೆ ಆಸ್ತಿ ದಾಟುವಾಗಲೂ ಇಲ್ಲ: ತೀರಿಕೊಂಡವರ ಆಸ್ತಿಯ ಮೇಲಿದ್ದ ಎಸ್ಟೇಟ್ ಸುಂಕ 1985ರಲ್ಲಿ ರದ್ದಾಯಿತು. ವರ್ಷವರ್ಷ ಆಸ್ತಿಯ ಮೇಲೆ ಬೀಳುತ್ತಿದ್ದ ಸಂಪತ್ತು ತೆರಿಗೆಯನ್ನೂ 2015ರ ಬಜೆಟ್ ತೆಗೆದುಹಾಕಿತು.

ಬ್ಯಾಡಗಿಯಲ್ಲಿ ತನ್ನ ಹೊಲದ ಮೆಣಸಿನಕಾಯಿ ಒಣಗಿಸಿ ಮಾರಿದ ಆದಾಯಕ್ಕೆ, ಅದು ಕೃಷಿ ಆದಾಯವಾದ್ದರಿಂದ, ತೆರಿಗೆ ವಿನಾಯಿತಿಯುಂಟು, ಅದಕ್ಕೆ ಮಿತಿಯಿಲ್ಲ. ದಲಾಲಿ ಆದಾಯಕ್ಕೆ ಅದು ಸಿಗದು.

ತಿಂಗಳಿಗೆ ₹20,000 ಪಗಾರದವರಿಗೆ ಆದಾಯ ತೆರಿಗೆ ಬರುವುದಿಲ್ಲ. ಅವರು ಲೆಕ್ಕ ಹಾಕಬೇಕಾದ್ದು ಬಿಲ್ಲುಗಳಿಂದ. ₹299ರ ಮೊಬೈಲ್ ರೀಚಾರ್ಜಿನಲ್ಲಿ 18% ಜಿಎಸ್‌ಟಿ ಎಂದರೆ ₹45ಕ್ಕೂ ಹೆಚ್ಚು. ಒಂದು ತಿಂಗಳ ಬಿಲ್ಲುಗಳ ಜಿಎಸ್‌ಟಿ ಕೂಡಿಸಿ ಪಗಾರದಿಂದ ಭಾಗಿಸಿ. ಪೆಟ್ರೋಲ್ ಜಿಎಸ್‌ಟಿಯಲ್ಲಿಲ್ಲ, ಅದರ ಅಬಕಾರಿ ಸುಂಕ, ಮಾರಾಟ ತೆರಿಗೆಗಳನ್ನು ಬೇರೆಯಾಗಿ ಸೇರಿಸಿಕೊಳ್ಳಿ.