ಲಂಟಾನವನ್ನು ಸವರಬೇಡಿ, ಬೇರು ಕಡಿಯಿರಿ

ಭಾನುವಾರದ ಶ್ರಮದಾನಕ್ಕೆ ಬರುವವರು ಗಮನಿಸಿ. ದೇವರಕಾಡಿನ ಅಂಚಿನ ಲಂಟಾನವನ್ನು (ಕಾಡನ್ನು ಆವರಿಸುವ ಪೊದೆಯಂಥ ಕಳೆಗಿಡ) ಕತ್ತಿಯಿಂದ ಸವರಿ ಬಿಟ್ಟರೆ ಮಳೆ ಬಿದ್ದ ಮೇಲೆ ಮತ್ತೆ ದಟ್ಟವಾಗಿ ಚಿಗುರುತ್ತದೆ. ಬೆಂಕಿಯಂತೂ ಬೇಡವೇ ಬೇಡ. ಈ ಗಿಡ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಜಾಗದಿಂದ. ಆದ್ದರಿಂದ ಕೊಂಬೆಗಳನ್ನು ಸರಿಸಿ, ಬುಡದ ಮಣ್ಣನ್ನು ಪಿಕಾಸಿಯಿಂದ ಬಿಡಿಸಿ, ನೆಲಮಟ್ಟಕ್ಕಿಂತ ಸುಮಾರು 3 ಅಂಗುಲ ಕೆಳಗೆ ತಾಯಿಬೇರನ್ನು ಕಡಿಯಿರಿ. ಸುತ್ತಲಿನ ನೆಲವನ್ನೆಲ್ಲ ಅಗೆಯುವ ಅಗತ್ಯವಿಲ್ಲ. ಮಲೆನಾಡಿನ ಇಳಿಜಾರಿನಲ್ಲಿ ಸಡಿಲ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಕಿತ್ತ ಗಿಡವನ್ನು ಬೇರು ಮೇಲಾಗಿ ಒಣಗಲು ಬಿಡಿ, ಇಲ್ಲವಾದರೆ ಬಿದ್ದಲ್ಲೇ ಬೇರೂರುತ್ತದೆ. ಕಾಯಿ ಹಣ್ಣಾಗುವ ಮೊದಲೇ ಮುಗಿಸಬೇಕು, ಹಣ್ಣಾದರೆ ಪಿಕಳಾರ ಹಕ್ಕಿಗಳು ಬೀಜವನ್ನು ಊರೆಲ್ಲ ಹರಡುತ್ತವೆ.

ಮುಂದಿನ ಎರಡು ಮೂರು ಮಳೆಗಾಲ ಹೊಸ ಸಸಿಗಳನ್ನು ಕೈಯಿಂದ ಕೀಳುತ್ತಿರಬೇಕು. ಫೋಟೋ ಇರುವ ದಿನ ಬರುವಷ್ಟು ಜನ ಇದಕ್ಕೆ ಬರುವುದಿಲ್ಲ, ಆದರೆ ನಿಜವಾದ ಕೆಲಸ ಇದೇ.

ತೆರವಾದ ಜಾಗದಲ್ಲಿ ಏನು ನೆಡಬೇಕೆಂದು ಪಕ್ಕದ ಕಾಡನ್ನೇ ನೋಡಿ ನಿರ್ಧರಿಸಿ. ಮೂಡಿಗೆರೆ, ಸಕಲೇಶಪುರದ ಕಡೆ ನೇರಳೆ, ಹಲಸು. ಕಡೂರು, ಅರಸೀಕೆರೆಯ ಬಯಲಿಗೆ ಹೊಂಗೆ, ಕಮರ. ಆಸ್ಟ್ರೇಲಿಯಾ ಮೂಲದ ಅಕೇಶಿಯಾ, ಸಿಲ್ವರ್ ಓಕ್ ಪುಕ್ಕಟೆ ಸಿಕ್ಕರೂ ಬೇಡ. ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲಿನಲ್ಲಂತೂ ಮರವನ್ನೇ ನೆಡಬೇಡಿ. ಅದು ಖಾಲಿ ಗುಡ್ಡವಲ್ಲ, 12 ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ನೆಲೆ.

ಅರಣ್ಯ ಭೂಮಿಯಾದರೆ ವಲಯ ಅರಣ್ಯಾಧಿಕಾರಿಯ ಅನುಮತಿ ಮೊದಲು. ಲಂಟಾನದ ಕಾಂಡದಲ್ಲಿ ಮುಳ್ಳಿರುತ್ತದೆ, ದಪ್ಪ ಕೈಗವಸು ತನ್ನಿ.