ಹಸಿವು ಕೇಳದ ವಯಸ್ಸಿನಲ್ಲಿ ಅಪ್ಪನ ಊಟ

ಎಂಬತ್ತು ದಾಟಿದ ಅಪ್ಪನ ಊಟೋಪಚಾರ ನನ್ನ ಪಾಲಿಗೆ ಬಂದ ಮೇಲೆ ನಾನು ಮೊದಲು ಬಿಟ್ಟದ್ದು "ಹಸಿವಾಯಿತೇ?" ಎಂದು ಕೇಳುವುದನ್ನು. ಕೇಳಿದರೆ ಉತ್ತರ ಒಂದೇ: ಇಲ್ಲ. ಅದು ಹಟವಲ್ಲ, ನಿಜವಾಗಿಯೂ ಆಗಿರುವುದಿಲ್ಲ. ಅಮೆರಿಕದ ಸಂಶೋಧಕರು ಯುವಕರಿಗೂ ವಯಸ್ಸಾದವರಿಗೂ ಕೆಲವು ವಾರ ಕಡಿಮೆ ಊಟ ಕೊಟ್ಟು, ಬಳಿಕ ಬೇಕಾದಷ್ಟು ತಿನ್ನಲು ಬಿಟ್ಟು ನೋಡಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವದು. ಯುವಕರು ಹೆಚ್ಚು ತಿಂದು ಕಳೆದ ತೂಕವನ್ನು ಮರಳಿ ಪಡೆದರು, ಹಿರಿಯರಿಗೆ ಅದು ಆಗಲಿಲ್ಲ. ಹಾಗಾಗಿ "ಹಸಿವಾದರೆ ತಾವೇ ತಿನ್ನುತ್ತಾರೆ ಬಿಡು" ಎನ್ನುವ ನೆಂಟರ ಮಾತನ್ನು ನಾನು ಒಪ್ಪುವುದಿಲ್ಲ.

ನಾಲ್ಕು ತುತ್ತಿಗೇ ಸಾಕು ಎನ್ನುವುದಕ್ಕೂ ಕಾರಣವಿದೆ. ವಯಸ್ಸಾದಂತೆ ಜಠರದ ಮೇಲ್ಭಾಗ ಮೊದಲಿನಂತೆ ಸಡಿಲಗೊಳ್ಳುವುದಿಲ್ಲ, ಊಟ ಬೇಗ ಕೆಳಭಾಗಕ್ಕೆ ಬಂದು ಹೊಟ್ಟೆ ತುಂಬಿದಂತಾಗುತ್ತದೆ. ಸಣ್ಣ ಕರುಳು ಬಿಡುವ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಮಿದುಳಿಗೆ "ಸಾಕು" ಎಂದು ತಿಳಿಸುತ್ತದೆ. ಹಿರಿಯರ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚು.

ಆದ್ದರಿಂದ ತಟ್ಟೆ ತುಂಬ ಬಡಿಸುವುದನ್ನು ನಿಲ್ಲಿಸಿದೆ. ನಿಂಬೆ ಗಾತ್ರದ ಮುದ್ದೆ, ಗಟ್ಟಿ ಸಾರು, ಮೇಲೆ ಧಾರಾಳ ತುಪ್ಪ. ಊಟಕ್ಕೆ ಮುಂಚೆ ಲೋಟಗಟ್ಟಲೆ ನೀರು ಕೊಡುವುದಿಲ್ಲ, ಆದರೆ ಹಿರಿಯರಿಗೆ ಬಾಯಾರಿಕೆಯೂ ಮಂದವಾಗುವುದರಿಂದ ಊಟಗಳ ನಡುವೆ ಮರೆಯದೆ ಕುಡಿಸುತ್ತೇನೆ. ಖರ್ಜೂರ, ಶೇಂಗಾ ಪುಡಿ ಕಲಸಿದ ಹಾಲನ್ನು ಊಟದ ಜೊತೆಗಲ್ಲ, ನಡುವಿನ ಹೊತ್ತಿಗೆ ಇಟ್ಟಿದ್ದೇನೆ. ದ್ರವಾಹಾರ ಜಠರದಿಂದ ಬೇಗ ಇಳಿಯುತ್ತದೆ, ಮುಂದಿನ ಊಟಕ್ಕೆ ಅಡ್ಡಬರುವುದಿಲ್ಲ.

ನನಗೆ ಅತ್ಯಂತ ಫಲ ಕೊಟ್ಟದ್ದು ಒಗ್ಗರಣೆ. ವಯಸ್ಸಿನೊಂದಿಗೆ ಮೂಗು ಮಂಕಾಗುತ್ತದೆ, ಮೂಗು ಮಂಕಾದರೆ ರುಚಿಯೂ ಹೋಯಿತು. ಅಪ್ಪನನ್ನು ಅಡುಗೆಮನೆಯ ಬಾಗಿಲ ಬಳಿಯೇ ಕೂರಿಸಿ, ಬಡಿಸುವ ಹೊತ್ತಿಗೆ ಸರಿಯಾಗಿ ಇಂಗು, ಬೆಳ್ಳುಳ್ಳಿ, ಕರಿಬೇವು ಚಟಗುಟ್ಟಿಸುತ್ತೇನೆ. ಆ ವಾಸನೆಗೆ ಅವರ ಗಂಟಲು ಒಮ್ಮೆ ಎಂಜಲು ನುಂಗುವುದನ್ನು ನೋಡಿದ ಮೇಲೆಯೇ ಅನ್ನಕ್ಕೆ ಕೈ ಹಾಕುತ್ತೇನೆ. ನಾನೂ ಎದುರಿಗೆ ಕೂತು ಉಣ್ಣುತ್ತೇನೆ, ಒಂಟಿಯಾಗಿ ಉಣ್ಣುವವರು ಕಡಿಮೆಯೇ ತಿನ್ನುತ್ತಾರೆ.

ಇಷ್ಟನ್ನೂ ಶುರು ಮಾಡುವ ಮೊದಲು ಅಪ್ಪನ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟಿದ್ದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ನಂಥ ಔಷಧಗಳು ಹಸಿವು ಕುಂದಿಸಬಲ್ಲವು. ಹಲ್ಲಿನ ಸೆಟ್ಟು ಚುಚ್ಚಿದರೂ, ಮನಸ್ಸು ಕುಗ್ಗಿದರೂ ಊಟ ಸೇರುವುದಿಲ್ಲ. ಹಸಿವು ಥಟ್ಟನೆ ನಿಂತರೆ, ತೂಕ ಇಳಿಯುತ್ತಲೇ ಹೋದರೆ ಒಗ್ಗರಣೆಯನ್ನು ನಂಬಿ ಕೂರಬೇಡಿ, ತಪಾಸಣೆ ಮಾಡಿಸಿ. ನಾನು ಪ್ರತಿ ತಿಂಗಳೂ ಒಂದೇ ತಕ್ಕಡಿಯಲ್ಲಿ, ತಿಂಡಿಗೆ ಮುಂಚೆ, ಅಪ್ಪನ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.